ಹಳೆಯ ಕಾರಿನ ಡ್ಯಾಶ್‌ಬೋರ್ಡ್ ಬಿರುಕು: ಲಕ್ಷಣ ನೋಡಿ ಕಾರಣ ಹುಡುಕುವ ಕೈಪಿಡಿ

ಹಳೆಯ ಕಾರಿನ ಡ್ಯಾಶ್‌ಬೋರ್ಡ್ ಬಿರುಕು ಬಿಟ್ಟಾಗ ಹೆಚ್ಚಿನವರು ಮೊದಲು ವಿಚಾರಿಸುವುದು ಯಾವ ಅಂಟು ಹಾಕಬೇಕು ಎಂದು. ಅದಕ್ಕೂ ಮುಂಚೆ ಎರಡು ಸಂಗತಿಗಳನ್ನು ತಿಳಿದುಕೊಳ್ಳಬೇಕು: ಬಿರುಕು ಎಷ್ಟು ಆಳಕ್ಕೆ, ಯಾವ ಪದರದವರೆಗೆ ಇಳಿದಿದೆ, ಮತ್ತು ಅದನ್ನು ಎರಡೂ ಬದಿಗೆ ಎಳೆಯುತ್ತಿರುವುದು ಯಾವುದು. ಇವೆರಡು ಗೊತ್ತಾಗದೆ ತುಂಬಿದ ಪುಟ್ಟಿ ಸಾಮಾನ್ಯವಾಗಿ ಮುಂದಿನ ಬೇಸಿಗೆಯಲ್ಲಿ ಅದೇ ಗೆರೆಯಲ್ಲಿ ಮತ್ತೆ ಬಾಯಿ ಬಿಡುತ್ತದೆ. ಇಲ್ಲಿ ಲಕ್ಷಣಗಳನ್ನು ಖರ್ಚಿಲ್ಲದ ಪರೀಕ್ಷೆಗಳಿಂದ ಆರಂಭಿಸಿ, ಡ್ಯಾಶ್‌ಬೋರ್ಡನ್ನೇ ಇಳಿಸಬೇಕಾದ ಹಂತದವರೆಗೆ ವಿವರಿಸಲಾಗಿದೆ.

ನಿಮ್ಮ ಡ್ಯಾಶ್‌ಬೋರ್ಡ್ ಯಾವ ಬಗೆಯದು

ಬಿರುಕಿನಿಂದ ದೂರದ ಒಂದು ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಸ್ವಲ್ಪ ತಗ್ಗಿ ನಿಧಾನವಾಗಿ ಮೇಲೆ ಬಂದರೆ ಅದು ಮೂರು ಪದರಗಳ ಮೆತ್ತನೆಯ ಡ್ಯಾಶ್‌ಬೋರ್ಡ್: ಮೇಲೆ ಒಂದು ಮಿಲಿಮೀಟರ್ ಆಸುಪಾಸಿನ ವಿನೈಲ್ ಹೊದಿಕೆ, ನಡುವೆ ಪಾಲಿಯುರೆಥೇನ್ ಫೋಮ್, ಕೆಳಗೆ ಗಡುಸಾದ ಪ್ಲಾಸ್ಟಿಕ್ ಅಥವಾ ತಗಡಿನ ತಳ. ಒತ್ತಿದರೂ ತಗ್ಗದೆ, ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬಂದರೆ ಅದು ಅಚ್ಚಿನಲ್ಲಿ ಎರಕವಾದ ಒಂದೇ ಪದರದ ಗಡುಸು ಪ್ಲಾಸ್ಟಿಕ್. ಇವೆರಡರ ರೋಗವೂ ಬೇರೆ, ಮದ್ದೂ ಬೇರೆ. ಬಣ್ಣ ಬಳಿದ ಉಕ್ಕಿನ ಡ್ಯಾಶ್‌ಬೋರ್ಡ್‌ನಲ್ಲಿ ಬಿರಿಯುವುದು ಬಣ್ಣವಷ್ಟೇ. ಅದು ಟಿಂಕರಿಂಗ್ ಮತ್ತು ಪೇಂಟಿಂಗ್ ಕೆಲಸ. ಮರದ ತೆಳುಹಾಳೆ ಅಂಟಿಸಿದ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಒಡೆಯುವುದು ಮೇಲಿನ ಲ್ಯಾಕರ್. ಅದನ್ನು ಮರಗೆಲಸ ಬಲ್ಲವರಿಗೆ ಬಿಡುವುದು ಒಳ್ಳೆಯದು. ಈ ಎರಡನ್ನು ಮುಂದೆ ಪ್ರಸ್ತಾಪಿಸುವುದಿಲ್ಲ.

ಕೈ ಹಾಕುವ ಮುನ್ನ: ಏರ್‌ಬ್ಯಾಗ್ ಇದೆಯೇ

ಸ್ಟಿಯರಿಂಗ್ ಮಧ್ಯದಲ್ಲಿ ಅಥವಾ ಪಕ್ಕದ ಪ್ರಯಾಣಿಕರ ಎದುರಿನ ಭಾಗದಲ್ಲಿ ಎಸ್‌ಆರ್‌ಎಸ್ ಅಥವಾ ಏರ್‌ಬ್ಯಾಗ್ ಎಂಬ ಅಕ್ಷರಗಳಿದ್ದರೆ ಈ ಕೆಲಸದ ಸ್ವರೂಪವೇ ಬದಲಾಗುತ್ತದೆ. ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹತ್ತಿ ಕೆಲವು ಸೆಕೆಂಡುಗಳಲ್ಲಿ ಆರಬೇಕು. ಆರದೆ ಉಳಿದರೆ ವ್ಯವಸ್ಥೆಯಲ್ಲಿ ದೋಷವಿದೆ. ಹತ್ತದೇ ಇದ್ದರೆ ಅದು ಇನ್ನೂ ಕೆಟ್ಟ ಸೂಚನೆ, ಏಕೆಂದರೆ ಹಿಂದೆಂದೋ ಅಪಘಾತದಲ್ಲಿ ಏರ್‌ಬ್ಯಾಗ್ ಬಿಚ್ಚಿಕೊಂಡ ಮೇಲೆ ಹೊಸದನ್ನು ಹಾಕದೆ ದೀಪವನ್ನೇ ತೆಗೆದು ಕಾರು ಮಾರಿರುವ ಸಾಧ್ಯತೆಯಿದೆ. ಈ ಎರಡೂ ಸಂದರ್ಭಗಳಲ್ಲಿ ಡ್ಯಾಶ್‌ಬೋರ್ಡ್ ಕೆಲಸವನ್ನು ಬದಿಗಿಟ್ಟು ಮೊದಲು ಏರ್‌ಬ್ಯಾಗ್ ವ್ಯವಸ್ಥೆಯನ್ನು ತಜ್ಞರಿಂದ ಪರೀಕ್ಷೆ ಮಾಡಿಸಬೇಕು.

ಮೇಲ್ಮೈಯನ್ನು ಒರೆಸುವುದಕ್ಕೆ, ಏರ್‌ಬ್ಯಾಗ್‌ನಿಂದ ದೂರದ ಬಿರುಕನ್ನು ಮೇಲಿನಿಂದಲೇ ತುಂಬುವುದಕ್ಕೆ ಬ್ಯಾಟರಿ ಬಿಚ್ಚುವ ಅಗತ್ಯವಿಲ್ಲ. ಆದರೆ ಮೀಟರ್ ಕನ್ಸೋಲ್, ಗ್ಲೋವ್ ಬಾಕ್ಸ್ ಅಥವಾ ಸ್ಟಿಯರಿಂಗ್ ಸುತ್ತಲಿನ ಯಾವುದೇ ಭಾಗವನ್ನು ಬಿಚ್ಚುವುದಾದರೆ ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಕೇಬಲ್ ಕಳಚಿ, ಕಾರಿನ ಸರ್ವಿಸ್ ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾಯಬೇಕು. ಏರ್‌ಬ್ಯಾಗ್ ನಿಯಂತ್ರಕದೊಳಗಿನ ಕೆಪ್ಯಾಸಿಟರ್ ಬ್ಯಾಟರಿ ಕಳಚಿದ ಮೇಲೂ ಸ್ವಲ್ಪ ಹೊತ್ತು ವಿದ್ಯುತ್ ಹಿಡಿದಿಟ್ಟುಕೊಂಡಿರುತ್ತದೆ. ಅದು ಇಳಿಯಲು ಕೆಲವು ಮಾದರಿಗಳಿಗೆ ಒಂದು ನಿಮಿಷ ಸಾಕು, ಕೆಲವಕ್ಕೆ ಹತ್ತು ನಿಮಿಷ ಅಥವಾ ಹೆಚ್ಚು ಬೇಕು. ಹಳದಿ ಬಣ್ಣದ ಕನೆಕ್ಟರ್ ಮತ್ತು ವೈರುಗಳು ಸಾಮಾನ್ಯವಾಗಿ ಏರ್‌ಬ್ಯಾಗ್‌ಗೆ ಸೇರಿದವು. ಅವುಗಳಿಗೆ ಟೆಸ್ಟ್ ಲ್ಯಾಂಪ್ ಅಥವಾ ಮಲ್ಟಿಮೀಟರ್ ಹಚ್ಚಲೇಬಾರದು. ಮೀಟರ್ ಹರಿಸುವ ಅಲ್ಪ ವಿದ್ಯುತ್ತೂ ಏರ್‌ಬ್ಯಾಗನ್ನು ಉಬ್ಬಿಸುವ ಸ್ಫೋಟಕವನ್ನು ಹೊತ್ತಿಸಬಲ್ಲದು. ಬ್ಯಾಟರಿ ಬಿಚ್ಚಿದರೆ ಕೆಲವು ಹಳೆಯ ರೇಡಿಯೋಗಳು ಮತ್ತೆ ಕೋಡ್ ಕೇಳುತ್ತವೆ. ಆ ಕೋಡ್ ಕೈಯಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಇದೇ ಹೊತ್ತಿನಲ್ಲಿ ಕಾರಿನ ಚಾಸಿಸ್ ಸಂಖ್ಯೆಯನ್ನು ತಯಾರಕರ ರಿಕಾಲ್ ಪಟ್ಟಿಯಲ್ಲಿ ಹುಡುಕಿ ನೋಡುವುದು ಉಚಿತ ಮತ್ತು ಬಹುಮುಖ್ಯ. ಟಕಾಟ ಕಂಪನಿ ತಯಾರಿಸಿದ ಏರ್‌ಬ್ಯಾಗ್‌ಗಳ ಅಮೋನಿಯಂ ನೈಟ್ರೇಟ್ ಇಂಧನವು ವರ್ಷಗಟ್ಟಲೆ ಸೆಖೆ ಮತ್ತು ತೇವಾಂಶಕ್ಕೆ ಸಿಕ್ಕಿ ಕೆಟ್ಟು, ಅಪಘಾತದ ವೇಳೆ ಲೋಹದ ಚೂರುಗಳನ್ನು ಎರಚಿದ ಪ್ರಕರಣಗಳಿಂದಾಗಿ ಅನೇಕ ತಯಾರಕರ ಕೋಟ್ಯಂತರ ಕಾರುಗಳನ್ನು ಹಿಂದಕ್ಕೆ ಕರೆಸಲಾಯಿತು. ಡ್ಯಾಶ್‌ಬೋರ್ಡ್ ಬಿರಿಯುವಷ್ಟು ಬಿಸಿಲು ತಿಂದ ಕಾರು ಇಂಥ ಪಟ್ಟಿಯಲ್ಲಿದ್ದರೆ ಬಿರುಕಿನ ಚಿಂತೆ ಎರಡನೆಯದು.

ಲಕ್ಷಣ: ಮೇಲ್ಮೈ ಮಂಕಾಗಿದೆ, ಕೂದಲೆಳೆಯಂಥ ಗೆರೆಗಳ ಜಾಲ ಮೂಡಿದೆ

ಉಗುರು ಆಡಿಸಿದರೆ ತಡೆಯುವಷ್ಟೂ ಆಳವಿಲ್ಲದ, ಒಣಗಿದ ಕೆರೆಯಂಗಳದ ಮಣ್ಣಿನಂತೆ ಹರಡಿದ ಗೆರೆಗಳು ವಿನೈಲ್ ಹೊದಿಕೆ ಮುಪ್ಪಾದುದರ ಮೊದಲ ಚಿಹ್ನೆ. ಈ ವಿನೈಲ್ ಎಂದರೆ ಪಿವಿಸಿ ಪ್ಲಾಸ್ಟಿಕ್, ಅದು ಸ್ವತಃ ಗಡುಸಾದ ವಸ್ತು. ಅದಕ್ಕೆ ಬೆರೆಸಿದ ಪ್ಲಾಸ್ಟಿಸೈಸರ್ ಎಂಬ ಎಣ್ಣೆಯಂಥ ರಾಸಾಯನಿಕವೇ ಅದನ್ನು ಮೆತ್ತಗಿಡುತ್ತದೆ. ಬಿಸಿಲಿನಲ್ಲಿ ನಿಂತ ಮುಚ್ಚಿದ ಕಾರಿನಲ್ಲಿ ಡ್ಯಾಶ್‌ಬೋರ್ಡ್‌ನ ಮೇಲ್ಮೈ 70 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಅಪರೂಪವಲ್ಲ, ಆ ಶಾಖಕ್ಕೆ ಪ್ಲಾಸ್ಟಿಸೈಸರ್ ಸ್ವಲ್ಪ ಸ್ವಲ್ಪವಾಗಿ ಆವಿಯಾಗಿ ಹೋಗುತ್ತದೆ. ಹೋದಂತೆಲ್ಲ ಹೊದಿಕೆ ಕುಗ್ಗುತ್ತದೆ, ಸೆಡೆಯುತ್ತದೆ.

ಮೆತ್ತನೆಯ ಬಟ್ಟೆಗೆ ಸೌಮ್ಯ ಸೋಪಿನ ನೀರು ತಾಗಿಸಿ ಒಂದು ಅಂಗೈಯಗಲ ಒರೆಸಿ, ಒಣಗಿದ ಮೇಲೆ ನೋಡಿ. ಗೆರೆಗಳು ಮಾಯವಾದರೆ ಅದು ಹಳೆಯ ಪಾಲಿಶ್ ಕಟ್ಟಿಕೊಂಡು ಒಡೆದ ಪದರವಷ್ಟೇ, ಇಡೀ ಡ್ಯಾಶ್‌ಬೋರ್ಡನ್ನು ತೊಳೆದರೆ ಕೆಲಸ ಮುಗಿಯಿತು. ಗೆರೆಗಳು ಉಳಿದರೆ ಬೆರಳಿನಿಂದ ಹೊದಿಕೆಯನ್ನು ಅಕ್ಕಪಕ್ಕಕ್ಕೆ ಮೆಲ್ಲಗೆ ಎಳೆದು ನೋಡಿ. ಗೆರೆ ಅಗಲವಾಗಿ ಕೆಳಗಿನ ಹಳದಿ ಫೋಮ್ ಕಂಡರೆ ಅದು ಮೇಲ್ಮೈಯ ಸಮಸ್ಯೆಯಾಗಿ ಉಳಿದಿಲ್ಲ, ಮುಂದಿನ ಭಾಗಗಳಿಗೆ ಹೋಗಬೇಕು. ಕಾಣದಿದ್ದರೆ ವಿನೈಲ್‌ಗೆಂದೇ ತಯಾರಾದ, ಬಾಗಿದರೂ ಒಡೆಯದ ಬಣ್ಣವನ್ನು ತೆಳುವಾಗಿ ಹೊಡೆದು ಕೆಲವು ವರ್ಷ ಮುಂದೂಡಬಹುದು.

ಒಣಗಿದ ವಿನೈಲ್‌ಗೆ ಜೀವ ತುಂಬುತ್ತದೆ ಎಂದು ಹೇಳಿಕೊಳ್ಳುವ ಹೊಳಪಿನ ದ್ರವಗಳ ಬಗ್ಗೆ ನನಗೆ ಒಲವಿಲ್ಲ. ಒಳಗಿನಿಂದ ಹೋದ ಪ್ಲಾಸ್ಟಿಸೈಸರನ್ನು ಮೇಲಿನಿಂದ ಒರೆಸಿ ಮರಳಿಸಲಾಗದು. ಅವು ಕೊಡುವುದು ಬಣ್ಣವನ್ನು ಗಾಢವಾಗಿ ತೋರಿಸುವ ಒಂದು ಜಿಡ್ಡು ಪದರ. ಅದರಲ್ಲಿ ಸಿಲಿಕೋನ್ ಇದ್ದರೆ ನಾಳೆ ಹಾಕುವ ಯಾವ ಅಂಟೂ, ಯಾವ ಬಣ್ಣವೂ ಕಚ್ಚುವುದಿಲ್ಲ.

ಲಕ್ಷಣ: ಮುಟ್ಟಿದರೆ ಅಂಟಂಟು, ಬಿಸಿಲಿಗೆ ಕನ್ನಡಿಯಂತೆ ಹೊಳೆಯುತ್ತದೆ

ಇದು ಒಣಗುವುದಕ್ಕೆ ವಿರುದ್ಧವಾದ ದೋಷ: ಸೆಖೆ ಮತ್ತು ತೇವದಿಂದ ವಸ್ತುವೇ ರಾಸಾಯನಿಕವಾಗಿ ಕರಗುತ್ತಾ ಬರುತ್ತದೆ. 2000ರ ದಶಕದ ಮಧ್ಯಭಾಗದ ಕೆಲವು ಟೊಯೋಟಾ ಮತ್ತು ಲೆಕ್ಸಸ್ ಮಾದರಿಗಳಲ್ಲಿ ಇದು ವ್ಯಾಪಕವಾಗಿ ಕಂಡುಬಂದು, ಅಮೆರಿಕದಲ್ಲಿ ತಯಾರಕರೇ ಖಾತರಿಯನ್ನು ವಿಸ್ತರಿಸಿ ಡ್ಯಾಶ್‌ಬೋರ್ಡ್ ಬದಲಿಸಿಕೊಟ್ಟಿದ್ದರು. ಉಗುರು ಒತ್ತಿದರೆ ಗುರುತು ಉಳಿಯುವ ಹಂತಕ್ಕೆ ಬಂದಿದ್ದರೆ ಅದರ ಮೇಲೆ ಪುಟ್ಟಿಯಾಗಲಿ ಬಣ್ಣವಾಗಲಿ ನಿಲ್ಲದು. ದುರಸ್ತಿಗೆ ಸಮಯ ಹಾಕದೆ ಬದಲಿಸುವ ಭಾಗಕ್ಕೆ ನೇರವಾಗಿ ಹೋಗಿ. ಹೊಳಪು ಮುಂಗಾಜಿನಲ್ಲಿ ಪ್ರತಿಫಲಿಸಿ ರಸ್ತೆ ಕಾಣದಂತಾಗುವುದರಿಂದ, ಅಲ್ಲಿಯವರೆಗೆ ಹೊಳಪಿಲ್ಲದ ಕಡು ಬಣ್ಣದ ಬಟ್ಟೆಯ ಹಾಸನ್ನು ಏರ್‌ಬ್ಯಾಗ್ ಭಾಗ ಮುಚ್ಚದಂತೆ, ಜಾರದಂತೆ ಹಾಸಬಹುದು.

ಲಕ್ಷಣ: ಬಿರುಕಿನ ಜೊತೆಗೆ ಮುಂಗಾಜಿನ ಒಳಮೈಯಲ್ಲಿ ಜಿಡ್ಡು ಮಂಜು

ಆವಿಯಾದ ಪ್ಲಾಸ್ಟಿಸೈಸರ್ ತಣ್ಣನೆಯ ಗಾಜಿನ ಮೇಲೆ ಕೂತು ತೆಳುವಾದ ಜಿಡ್ಡು ಪದರವಾಗುತ್ತದೆ. ಆದರೆ ಹೀಟರ್ ಕೋರ್ (ಎಂಜಿನ್ ತಂಪಾಗಿಸುವ ದ್ರವವಾದ ಕೂಲೆಂಟಿನ ಬಿಸಿಯಿಂದ ಕಾರಿನೊಳಗಿನ ಗಾಳಿಯನ್ನು ಕಾಯಿಸುವ ಸಣ್ಣ ರೇಡಿಯೇಟರ್) ಸೋರಿದರೂ ಇದೇ ರೀತಿಯ ಜಿಡ್ಡು ಬರುತ್ತದೆ, ಮತ್ತು ಆ ಎರಡನ್ನು ತಪ್ಪಾಗಿ ಗುರುತಿಸಿದರೆ ನಷ್ಟ ದೊಡ್ಡದು. ಗಾಜನ್ನು ಚೆನ್ನಾಗಿ ಒರೆಸಿ, ಎಂಜಿನ್ ಬಿಸಿಯಾದ ಮೇಲೆ ಹೀಟರ್ ಚಾಲೂ ಮಾಡಿ ಗಾಳಿಯನ್ನು ಗಾಜಿನ ಕಡೆ ತಿರುಗಿಸಿ. ಕೆಲವೇ ನಿಮಿಷಗಳಲ್ಲಿ ಮತ್ತೆ ಮಂಜು ಕವಿದು ಸಿಹಿ ವಾಸನೆ ಬಂದರೆ, ಪಕ್ಕದ ಪ್ರಯಾಣಿಕರ ಕಾಲ ಬಳಿಯ ಮ್ಯಾಟ್ ಕೆಳಗೆ ಅಂಟಿನಂಥ ತೇವವಿದ್ದರೆ, ಕೂಲೆಂಟ್ ಮಟ್ಟ ಇಳಿಯುತ್ತಿದ್ದರೆ, ಅದು ಹೀಟರ್ ಕೋರ್. ದಿನಗಟ್ಟಲೆ ಬಿಸಿಲಿನಲ್ಲಿ ನಿಂತ ಮೇಲಷ್ಟೇ ಜಿಡ್ಡು ಕಾಣಿಸಿಕೊಂಡು ಕೂಲೆಂಟ್ ಮಟ್ಟ ಹಾಗೆಯೇ ಇದ್ದರೆ, ಅದು ಡ್ಯಾಶ್‌ಬೋರ್ಡ್‌ನಿಂದ ಬಂದದ್ದು.

ಇದು ಮುಖ್ಯವಾಗುವುದಕ್ಕೆ ಕಾರಣವಿದೆ: ಬಹಳಷ್ಟು ಕಾರುಗಳಲ್ಲಿ ಹೀಟರ್ ಕೋರ್ ಬದಲಿಸಲು ಇಡೀ ಡ್ಯಾಶ್‌ಬೋರ್ಡ್ ಇಳಿಸಲೇಬೇಕು. ಎರಡೂ ಕೆಲಸ ಬಾಕಿ ಇದ್ದರೆ ಒಟ್ಟಿಗೆ ಮಾಡಿಸುವುದೇ ಜಾಣತನ.

ಲಕ್ಷಣ: ವೆಂಟ್, ಸ್ಪೀಕರ್ ಜಾಲರಿ ಅಥವಾ ಸ್ಕ್ರೂ ಬಳಿಯಿಂದ ಹೊರಟ ಒಂದೇ ಬಿರುಕು

ಮೂಲೆಗಳಲ್ಲಿ ಎಳೆತ ಒಟ್ಟಾಗುತ್ತದೆ. ಆದ್ದರಿಂದಲೇ ಗಾಜಿನ ಮಂಜು ಬಿಡಿಸಲು ಗಾಳಿ ಬರುವ, ಗಾಜಿನ ಬುಡದ ಡಿಫ್ರಾಸ್ಟರ್ ಕಂಡಿಯ ತುದಿಯಿಂದ, ಸ್ಪೀಕರ್ ಜಾಲರಿಯ ಮೂಲೆಯಿಂದ ಬಿರುಕು ಶುರುವಾಗುವುದು ಸಾಮಾನ್ಯ. ಎಳೆತ ಎಷ್ಟಿರಬಹುದು ಎಂಬುದಕ್ಕೆ ಒಂದು ಲೆಕ್ಕ ಹೀಗಿದೆ. ಡ್ಯಾಶ್‌ಬೋರ್ಡ್‌ಗಳಲ್ಲಿ ಬಳಸುವ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್, ಬೆರಕೆಯಿಲ್ಲದಿದ್ದರೆ, ಪ್ರತಿ ಡಿಗ್ರಿ ಶಾಖಕ್ಕೆ ಮೀಟರಿಗೆ ಸುಮಾರು 0.1 ಮಿಲಿಮೀಟರ್ ಹಿಗ್ಗುತ್ತದೆ, ಉಕ್ಕು ಸುಮಾರು 0.012 ಮಿಲಿಮೀಟರ್. ಬೆಳಗಿನ ತಂಪಿನಿಂದ ನಡು ಮಧ್ಯಾಹ್ನಕ್ಕೆ 50 ಡಿಗ್ರಿ ಏರಿದರೆ 1.4 ಮೀಟರ್ ಉದ್ದದ ಪ್ಲಾಸ್ಟಿಕ್ ತುಂಡು 7 ಮಿಲಿಮೀಟರ್ ಹಿಗ್ಗಲು ನೋಡುತ್ತದೆ, ಅದನ್ನು ಹಿಡಿದಿರುವ ಉಕ್ಕಿನ ಚೌಕಟ್ಟು ಒಂದು ಮಿಲಿಮೀಟರ್ ಕೂಡ ಹಿಗ್ಗುವುದಿಲ್ಲ. ಈ ವ್ಯತ್ಯಾಸಕ್ಕೆ ಜಾಗ ಕೊಡಲೆಂದೇ ಸ್ಕ್ರೂ ಕೂರುವ ಹಲವು ತೂತುಗಳು ದುಂಡಗಿರದೆ ಉದ್ದುದ್ದ ಇರುತ್ತವೆ. ಮ್ಯೂಸಿಕ್ ಸಿಸ್ಟಂ ಹಾಕಿದವರೋ ವೈರಿಂಗ್ ನೋಡಿದವರೋ ಆ ಸ್ಕ್ರೂಗಳನ್ನು ಪೂರ್ತಿ ಬಿಗಿದುಬಿಟ್ಟರೆ, ಅಥವಾ ವಾಷರ್ ಕಳೆದು ದಪ್ಪ ತಲೆಯ ಸ್ಕ್ರೂ ಹಾಕಿದ್ದರೆ, ಹಿಗ್ಗಲು ಜಾಗವಿಲ್ಲದ ಪ್ಲಾಸ್ಟಿಕ್ ಬಿರಿಯುತ್ತದೆ.

ಆದ್ದರಿಂದ ಮೊದಲ ಪರೀಕ್ಷೆ ಸ್ಕ್ರೂಡ್ರೈವರ್‌ನದು, ಅಂಟಿನದಲ್ಲ. ಬಿರುಕಿನ ಸಮೀಪ ಏರ್‌ಬ್ಯಾಗ್‌ಗೆ ಸಂಬಂಧಿಸದ ಕಾಣುವ ಸ್ಕ್ರೂಗಳನ್ನು ಒಂದೊಂದಾಗಿ ಕಾಲು ಸುತ್ತು ಸಡಿಲಿಸಿ. ಸಡಿಲಿಸುತ್ತಿರುವಾಗಲೇ ಬಿರುಕಿನ ಬಾಯಿ ಕಿರಿದಾದರೆ, ಎಳೆಯುತ್ತಿದ್ದುದು ಆ ಸ್ಕ್ರೂವೇ. ಅದನ್ನು ಸರಿಯಾದ ವಾಷರ್ ಹಾಕಿ, ತುಂಡು ಅಲುಗಾಡದಷ್ಟು ಮಾತ್ರ ಬಿಗಿದು, ಬಿರುಕನ್ನು ಆಮೇಲೆ ತುಂಬಿ. ಬದಲಾವಣೆ ಏನೂ ಇಲ್ಲದಿದ್ದರೆ ಎಳೆತ ಹೊದಿಕೆಯ ಒಳಗೇ ಇದೆ ಎಂದರ್ಥ.

ಬಿರುಕು ಬೆಳೆಯುತ್ತಿದೆಯೇ ಎಂದು ತಿಳಿಯಲು ಅದರ ತುದಿಯ ಎದುರು ಮಾಸ್ಕಿಂಗ್ ಟೇಪ್ ಅಂಟಿಸಿ ಪೆನ್ಸಿಲ್ ಗುರುತು ಹಾಕಿ, ಎರಡು ಮೂರು ವಾರ ಬಿಡಿ. ಗುರುತು ದಾಟಿ ಹೋದರೆ ತುದಿಯಲ್ಲಿ 2 ಮಿಲಿಮೀಟರ್ ಡ್ರಿಲ್ ಬಿಟ್ಟಿನಿಂದ ಹೊದಿಕೆಯಷ್ಟೇ ಆಳಕ್ಕೆ ತೂತು ಮಾಡಿದರೆ ಚೂಪು ತುದಿ ದುಂಡಗಾಗಿ ಬಿರುಕು ಅಲ್ಲೇ ನಿಲ್ಲುವ ಸಾಧ್ಯತೆ ಹೆಚ್ಚು. ಡ್ರಿಲ್ ಬಿಟ್ಟಿಗೆ ಟೇಪ್ ಸುತ್ತಿ ಆಳವನ್ನು ಮೊದಲೇ ಮಿತಿಗೊಳಿಸಿಕೊಳ್ಳಿ, ಏಕೆಂದರೆ ಕೆಳಗೆ ವೈರುಗಳ ಕಟ್ಟು ಎಲ್ಲಿ ಹಾದುಹೋಗಿದೆ ಎಂಬುದು ಮೇಲಿನಿಂದ ಕಾಣುವುದಿಲ್ಲ.

ಲಕ್ಷಣ: ಬಿರುಕು ಬಾಯಿ ಬಿಟ್ಟಿದೆ, ಅಂಚುಗಳು ಮೇಲೆದ್ದಿವೆ, ಹಳದಿ ಪುಡಿ ಉದುರುತ್ತದೆ

ಹೊದಿಕೆ ಕುಗ್ಗಿ ಹರಿದಾಗ ಅದರ ಅಂಚುಗಳು ದೋಣಿಯ ಮೂತಿಯ ಹಾಗೆ ಮೇಲಕ್ಕೆ ಸುರುಳುತ್ತವೆ. ಒಳಗೆ ಬೆರಳು ಹಾಕಿ ಫೋಮನ್ನು ಒತ್ತಿ ನೋಡಿ. ಫೋಮ್ ಇನ್ನೂ ಪುಟಿದು ಮೇಲೆ ಬಂದರೆ ತುಂಬಿ ಸರಿಪಡಿಸಬಹುದು. ಒತ್ತಿದಲ್ಲೇ ಪುಡಿಯಾಗಿ, ಅಂಚಿನ ಕೆಳಗೆ ಬೆರಳು ಸಲೀಸಾಗಿ ಜಾರಿ ಹೋದರೆ ಹೊದಿಕೆಗೂ ಫೋಮ್‌ಗೂ ಬೆಸುಗೆ ತಪ್ಪಿದೆ. ಹೊದಿಕೆ ಎಷ್ಟು ದೂರದವರೆಗೆ ಬಿಟ್ಟುಕೊಂಡಿದೆ ಎಂದು ತಟ್ಟಿ ಸದ್ದು ಕೇಳಿ ಗುರುತಿಸಿ. ಅದು ಬಿರುಕಿನ ಎರಡೂ ಬದಿಗೆ ಒಂದು ಬೆರಳಿನ ಅಗಲ ಮೀರಿದ್ದರೆ ಅಥವಾ ಬಿರುಕುಗಳು ಮೂರು ನಾಲ್ಕು ಕಡೆ ಇದ್ದರೆ, ಪುಟ್ಟಿಯ ಕೆಲಸ ಶ್ರಮಕ್ಕೆ ತಕ್ಕ ಫಲ ಕೊಡದು.

ತುಂಬುವುದಾದರೆ ಸ್ವಚ್ಛತೆಯಿಂದಲೇ ಶುರುಮಾಡಬೇಕು. ಮೇಣ ಮತ್ತು ಜಿಡ್ಡು ತೆಗೆಯುವ ದ್ರವದಿಂದ ಒರೆಸಿ, ಮೇಲೆ ನೀರು ಚಿಮುಕಿಸಿ. ನೀರು ಹಾಳೆಯಂತೆ ಹರಡದೆ ಮಣಿ ಕಟ್ಟಿದರೆ ಸಿಲಿಕೋನ್ ಇನ್ನೂ ಉಳಿದಿದೆ, ಮತ್ತೆ ಒರೆಸಬೇಕು. ವಿನೈಲ್ ಮೇಲೆ ಅಸಿಟೋನ್ ಬಳಸಬೇಡಿ, ಅದು ಹೊದಿಕೆಯನ್ನೇ ಕೆಡಿಸುತ್ತದೆ. ನಂತರ ಮೇಲೆದ್ದ ಅಂಚನ್ನು ಒತ್ತಿ ಅಂಟಿಸಲು ಹೋಗದೆ, ಹರಿತವಾದ ಬ್ಲೇಡಿನಿಂದ ಓರೆಯಾಗಿ ಕೊಯ್ದು, ಬಿರುಕು ಮೇಲೆ ಅಗಲ, ಕೆಳಗೆ ಕಿರಿದಾದ ಕಾಲುವೆಯಾಗುವಂತೆ ಮಾಡಿ. ಕುಗ್ಗಿದ ಹೊದಿಕೆಯನ್ನು ಎಳೆದು ಮತ್ತೆ ಕೂಡಿಸಲು ಆಗುವುದಿಲ್ಲ, ಆ ಅಂಚುಗಳು ಪುಟ್ಟಿಯನ್ನೂ ಮೇಲೆತ್ತುತ್ತವೆ.

ಕಾಲುವೆಯ ತಳದ ಪುಡಿಯನ್ನು ತೆಗೆದು, ಖಾಲಿ ಜಾಗಕ್ಕೆ ಎರಡು ದ್ರವ ಬೆರೆಸಿ ಹಾಕುವ ಬಾಗುವ ಗುಣದ ಯುರೆಥೇನ್ ತುಂಬಿ, ಅದರ ಮೇಲೆ ತೆಳುವಾದ ಜಾಲರಿ ಬಟ್ಟೆಯ ಪಟ್ಟಿ ಹುದುಗಿಸಿ, ಮೇಲೆ ಪ್ಲಾಸ್ಟಿಕ್ ಬಂಪರ್‌ಗಳಿಗೆ ಬಳಸುವ ಮೆದು ಪುಟ್ಟಿ ಎಳೆಯಬೇಕು. ತಗಡಿಗೆ ಹಾಕುವ ಗಡುಸು ಪುಟ್ಟಿ ಇಲ್ಲಿ ಸಲ್ಲದು. 80ರ ಸ್ಯಾಂಡ್‌ಪೇಪರಿನಿಂದ ಶುರುಮಾಡಿ 180, 320ರವರೆಗೆ ಉಜ್ಜಿ. ಕಣ್ಣು ಮುಚ್ಚಿ ಬೆರಳಾಡಿಸಿದಾಗ ಅಂಚು ಸಿಗಬಾರದು. ಇಲ್ಲಿಗೆ ಬಂದ ಮೇಲೆ ನಾಲ್ಕಾರು ಬಿಸಿಲಿನ ದಿನ ಕಾರನ್ನು ಹೊರಗೆ ನಿಲ್ಲಿಸಿ ನೋಡಿ ಎಂಬುದು ನನ್ನ ಸಲಹೆ. ಗೆರೆ ಮತ್ತೆ ಕಾಣುವುದಾದರೆ ಬಣ್ಣ ಹಚ್ಚುವ ಮೊದಲೇ ಕಂಡುಬಿಡಲಿ. ಕಾಣದಿದ್ದರೆ ಚರ್ಮದ ತರಿಯನ್ನು ಹೋಲುವ ಟೆಕ್ಸ್‌ಚರ್ ಸ್ಪ್ರೇಯನ್ನು ದೂರದಿಂದ ತೆಳುವಾಗಿ ಸಿಂಪಡಿಸಿ, ಒಣಗಿದ ಮೇಲೆ ಹೊಳಪಿಲ್ಲದ ವಿನೈಲ್ ಬಣ್ಣ ಹೊಡೆಯಬೇಕು. ಬಿರುಕಿನ ಜಾಗಕ್ಕಷ್ಟೇ ಬಣ್ಣ ಹೊಡೆದರೆ ತೇಪೆ ಎದ್ದು ಕಾಣುತ್ತದೆ. ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಇಡೀ ಮೇಲ್ಭಾಗಕ್ಕೆ ಹೊಡೆಯುವುದೇ ಸರಿ.

ಯುರೆಥೇನ್ ದ್ರವಗಳಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು, ಒಮ್ಮೆ ಅಲರ್ಜಿ ಹತ್ತಿದರೆ ಮುಂದೆ ಅಲ್ಪ ಪ್ರಮಾಣಕ್ಕೂ ಉಬ್ಬಸ ಬರಬಹುದು. ನಾಲ್ಕೂ ಬಾಗಿಲು ತೆರೆದು, ಕೈಗವಸು ಹಾಕಿ, ಪೊಟ್ಟಣದಲ್ಲಿ ಸೂಚಿಸಿದ ಬಗೆಯ ರೆಸ್ಪಿರೇಟರ್ ಧರಿಸಿ ಕೆಲಸ ಮಾಡಿ. ಧೂಳಿನ ಬಟ್ಟೆ ಮುಖಗವಸು ಸಾಲದು. ಬೇಗ ಒಣಗಲೆಂದು ಹೀಟ್ ಗನ್ ಹಿಡಿಯುವ ಅಭ್ಯಾಸವೂ ಬೇಡ. ವಿನೈಲ್ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಎಂಬ, ಕಣ್ಣು ಗಂಟಲಿಗೆ ಉರಿ ತರುವ ಅನಿಲ ಬಿಡುತ್ತದೆ, ಸಮೀಪದ ಮುಂಗಾಜೂ ಒಂದೇ ಕಡೆ ಕಾದು ಸೀಳಬಹುದು.

ಲಕ್ಷಣ: ಹಿಂದೆ ತುಂಬಿದ ಬಿರುಕು ಅದೇ ಜಾಗದಲ್ಲಿ ಮತ್ತೆ ಬಿಟ್ಟಿದೆ

ಪುಟ್ಟಿ ಯಾವ ರೀತಿ ಬಿಟ್ಟಿದೆ ಎಂದು ನೋಡಿ. ಪುಟ್ಟಿಯ ನಡುವೆ ಸೀಳಿದ್ದರೆ ಅದು ತೀರ ಗಡುಸಾಗಿತ್ತು. ಪುಟ್ಟಿ ಇಡಿಯಾಗಿ ಉಳಿದು ಅಂಚಿನಲ್ಲಿ ಮಾತ್ರ ಹೊದಿಕೆಯಿಂದ ಬಿಟ್ಟಿದ್ದರೆ ಸಿಲಿಕೋನ್ ಅಥವಾ ಜಿಡ್ಡು ಉಳಿದಿತ್ತು. ಪುಟ್ಟಿಯೂ ಅಂಚೂ ಸರಿಯಾಗಿದ್ದು ಅದರ ಪಕ್ಕದಲ್ಲೇ ಹೊಸ ಗೆರೆ ಹುಟ್ಟಿದ್ದರೆ, ದುರಸ್ತಿ ಗಟ್ಟಿಯಾಗಿದೆ, ಆದರೆ ಸುತ್ತಲಿನ ಹೊದಿಕೆಗೆ ಶಕ್ತಿ ಉಳಿದಿಲ್ಲ. ಮತ್ತೊಮ್ಮೆ ತುಂಬುವುದು ವ್ಯರ್ಥ.

ಲಕ್ಷಣ: ಗಡುಸು ಪ್ಲಾಸ್ಟಿಕ್ ಸೀಳಿದೆ ಅಥವಾ ಸ್ಕ್ರೂ ಕೂರುವ ಕಿವಿ ಮುರಿದಿದೆ

ಇಲ್ಲಿ ಪ್ಲಾಸ್ಟಿಕ್ ಯಾವುದೆಂದು ತಿಳಿಯದೆ ಅಂಟು ಆರಿಸಲು ಆಗದು. ತುಂಡಿನ ಹಿಂಬದಿಯಲ್ಲಿ ಕೋನಾಕಾರದ ಎರಡು ಗುರುತುಗಳ ನಡುವೆ ಎಬಿಎಸ್, ಪಿಪಿ (ಅಂದರೆ ಪಾಲಿಪ್ರೊಪಿಲೀನ್), ಪಿಸಿ ಮತ್ತು ಎಬಿಎಸ್, ಅಥವಾ ಪಿಪಿ-ಟಿಡಿ20 ಎಂಬಂಥ, ಪ್ಲಾಸ್ಟಿಕ್ಕಿನ ಬಗೆಯನ್ನು ಹೇಳುವ ಸಂಕೇತ ಅಚ್ಚಾಗಿರುತ್ತದೆ. ಕೊನೆಯದರ ಅರ್ಥ ನೂರಕ್ಕೆ ಇಪ್ಪತ್ತು ಪಾಲು ಟಾಲ್ಕ್ ಪುಡಿ ಬೆರೆತ ಪಾಲಿಪ್ರೊಪಿಲೀನ್. ತೀರ ಹಳೆಯ ಕಾರುಗಳಲ್ಲಿ ಸಂಕೇತವಿರದಿದ್ದರೆ ಕಾಣದ ಜಾಗದಲ್ಲಿ ಅಸಿಟೋನ್ ತಾಗಿಸಿದ ಹತ್ತಿಯನ್ನು ಉಜ್ಜಿ: ಮೇಲ್ಮೈ ಅಂಟಂಟಾಗಿ ಬಣ್ಣ ಹತ್ತಿಗೆ ಬಂದರೆ ಎಬಿಎಸ್ ಬಳಗದ್ದು, ಏನೂ ಆಗದಿದ್ದರೆ ಪಾಲಿಪ್ರೊಪಿಲೀನ್ ಆಗಿರುವ ಸಾಧ್ಯತೆ ಹೆಚ್ಚು. ಚೂರೊಂದನ್ನು ನೀರಿಗೆ ಹಾಕಿ ತೇಲುವುದನ್ನು ನೋಡುವ ಪರೀಕ್ಷೆಯನ್ನು ಹಲವರು ಹೇಳುತ್ತಾರೆ. ತೇಲಿದರೆ ಪಾಲಿಪ್ರೊಪಿಲೀನ್ ಎಂದು ನಂಬಬಹುದು. ಆದರೆ ಟಾಲ್ಕ್ ಬೆರೆತದ್ದು ಎಬಿಎಸ್‌ನಷ್ಟೇ ತೂಕವಾಗಿ ಮುಳುಗುವುದರಿಂದ, ಮುಳುಗಿತೆಂಬ ಕಾರಣಕ್ಕೆ ಎಬಿಎಸ್ ಎಂದು ತೀರ್ಮಾನಿಸಬಾರದು.

ಎಬಿಎಸ್ ಆದರೆ ಅದೇ ಪ್ಲಾಸ್ಟಿಕ್ಕಿನ ಚೂರುಗಳನ್ನು ಅಸಿಟೋನಿನಲ್ಲಿ ಕರಗಿಸಿದ ಗಟ್ಟಿ ದ್ರವವನ್ನು ಹಿಂಬದಿಯಿಂದ ಹಚ್ಚಿದರೆ ತುಂಡುಗಳು ಬೆಸೆದುಕೊಳ್ಳುತ್ತವೆ. ಬೆಂಕಿಯ ಕಿಡಿಗೂ ಅಸಿಟೋನಿನ ಆವಿಗೂ ಬಹಳ ದೂರವಿರಲಿ. ಪಾಲಿಪ್ರೊಪಿಲೀನ್‌ಗೆ ಸಾಮಾನ್ಯ ಅಂಟು ಕಚ್ಚುವುದೇ ಇಲ್ಲ. ಅದನ್ನು ಅದೇ ವಸ್ತುವಿನ ಕಡ್ಡಿಯಿಂದ ಬಿಸಿ ಬೆಸುಗೆ ಹಾಕಬೇಕು, ಇಲ್ಲವೇ ಕಾಯಿಸಿದ ಲೋಹದ ಪಿನ್ನುಗಳನ್ನು ಹಿಂಬದಿಯಿಂದ ಹುದುಗಿಸಬೇಕು, ಮೇಲೆ ಬಣ್ಣ ಹೊಡೆಯುವ ಮೊದಲು ಅದು ಕಚ್ಚುವಂತೆ ಮಾಡುವ ಅಡ್ಹೀಶನ್ ಪ್ರೊಮೋಟರ್ ಎಂಬ ದ್ರವ ಹಚ್ಚಬೇಕು. ಸೂಪರ್ ಗ್ಲೂನಿಂದ ಕಿವಿ ಕೂಡಿಸುವುದು ಮುಂದಿನ ಗುಂಡಿಯವರೆಗಿನ ಮಾತು.

ಲಕ್ಷಣ: ಓಡಿಸುವಾಗ ಕಿರ್‌ಗುಟ್ಟುವ ಸದ್ದು

ಇನ್ನೊಬ್ಬರು ಕಾರು ಓಡಿಸಲಿ, ನೀವು ಪಕ್ಕದಲ್ಲಿ ಕುಳಿತು ಏರ್‌ಬ್ಯಾಗ್ ಇಲ್ಲದ ಭಾಗಗಳನ್ನು ಅಂಗೈಯಿಂದ ಒತ್ತುತ್ತಾ ಬನ್ನಿ. ಒತ್ತಿದ ಕೂಡಲೇ ಸದ್ದು ನಿಂತ ಜಾಗದಲ್ಲಿ ಕ್ಲಿಪ್ ಬಿಟ್ಟಿದೆ ಅಥವಾ ಕಿವಿ ಮುರಿದಿದೆ. ಕ್ಲಿಪ್ ಬದಲಿಸಿ, ಉಜ್ಜುವ ಅಂಚುಗಳಿಗೆ ಫೆಲ್ಟ್ ಟೇಪ್ ಅಂಟಿಸಿದರೆ ಸಾಕು. ಎಲ್ಲಿ ಒತ್ತಿದರೂ ನಿಲ್ಲದೆ, ಸ್ಟಿಯರಿಂಗ್ ತಿರುಗಿಸಿದಾಗ ಅಥವಾ ಗುಂಡಿ ಇಳಿದಾಗ ಆಳದಿಂದ ಕಟಕಟ ಎಂದರೆ ಒಳಗಿನ ಉಕ್ಕಿನ ಅಡ್ಡತೊಲೆಯ ಬೋಲ್ಟುಗಳನ್ನು ಮೆಕ್ಯಾನಿಕ್ ನೋಡಬೇಕು. ಸ್ಟಿಯರಿಂಗ್ ಕಾಲಂ ತೂಗಿರುವುದು ಅದರ ಮೇಲೆ.

ಲಕ್ಷಣ: ಏರ್‌ಬ್ಯಾಗ್ ಮುಚ್ಚಳದ ಮೇಲೆ ಅಥವಾ ಅದರ ಸುತ್ತ ಗೆರೆ

ಇಲ್ಲಿ ನಿಲ್ಲಿ. ಪುಟ್ಟಿ, ಅಂಟು, ಬಣ್ಣ, ಸ್ಟಿಕರ್ ಯಾವುದೂ ಬೇಡ. ಏರ್‌ಬ್ಯಾಗ್ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗಕ್ಕಿಂತ ಕಡಿಮೆ ಸಮಯದಲ್ಲಿ ಉಬ್ಬಿ ಹೊರಬರುವಂಥದ್ದು. ಅದಕ್ಕೆಂದೇ ಹೊದಿಕೆಯ ಹಿಂಬದಿಯಲ್ಲಿ ಲೆಕ್ಕ ಹಾಕಿ ತೆಳುಗೊಳಿಸಿದ ಹರಿಯುವ ಗೆರೆ ಇರುತ್ತದೆ, ಹಲವು ಕಾರುಗಳಲ್ಲಿ ಅದು ಮೇಲಿನಿಂದ ಕಾಣುವುದೂ ಇಲ್ಲ. ಆ ಗೆರೆಯ ಮೇಲೆ ಪುಟ್ಟಿ ಬಿದ್ದರೆ ಮುಚ್ಚಳ ತಡವಾಗಿ ಅಥವಾ ತಪ್ಪು ಜಾಗದಲ್ಲಿ ಹರಿಯಬಹುದು, ಗಟ್ಟಿಯಾದ ಪುಟ್ಟಿಯ ಚೂರುಗಳು ಮುಖಕ್ಕೆ ಸಿಡಿಯಬಹುದು.

ಬಿರುಕು ಸರಿಯಾಗಿ ಆಯತಾಕಾರದಲ್ಲಿದ್ದರೆ ಇನ್ನೂ ಒಂದು ಅನುಮಾನ ಬರಬೇಕು. ಒಮ್ಮೆ ಬಿಚ್ಚಿಕೊಂಡ ಡ್ಯಾಶ್‌ಬೋರ್ಡನ್ನು ತೇಪೆ ಹಾಕಿ ಬಣ್ಣ ಹೊಡೆದಿದ್ದರೆ ಕಾಲಕ್ರಮೇಣ ಹಿಂದೆ ಹರಿದ ಗೆರೆಯೇ ಈ ರೀತಿ ಮೇಲೆ ಮೂಡುತ್ತದೆ. ಸುತ್ತಲಿನ ಸಂದುಗಳು ಎರಡೂ ಬದಿ ಸಮನಾಗಿವೆಯೇ, ತರಿ ಒಂದೇ ರೀತಿ ಇದೆಯೇ, ಸ್ಕ್ರೂ ತಲೆಗಳಲ್ಲಿ ಬಿಚ್ಚಿದ ಗಾಯಗಳಿವೆಯೇ ಎಂದು ನೋಡಿ, ಮೇಲೆ ಹೇಳಿದ ದೀಪದ ಪರೀಕ್ಷೆಯೊಂದಿಗೆ ತಾಳೆ ಹಾಕಿ, ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಒಯ್ಯಿರಿ.

ತುಂಬುವ ಹಂತ ದಾಟಿದ್ದರೆ

ಮೂರು ದಾರಿಗಳಿವೆ. ಎಲ್ಲಕ್ಕಿಂತ ಸುಲಭವಾದದ್ದು ಆ ಮಾದರಿಗೆಂದೇ ಅಚ್ಚು ಹಾಕಿದ ತೆಳು ಪ್ಲಾಸ್ಟಿಕ್ ಕವಚವನ್ನು ಹಳೆಯದರ ಮೇಲೆ ಸಿಲಿಕೋನ್ ಅಂಟಿನಿಂದ ಕೂರಿಸುವುದು. ಮೊದಲು ಅಂಟಿಲ್ಲದೆ ಇಟ್ಟು, ಡಿಫ್ರಾಸ್ಟರ್ ಕಂಡಿಗಳು ಮುಚ್ಚಿಹೋಗದೆ ನೇರಕ್ಕೆ ಕೂರುತ್ತವೆಯೇ ನೋಡಿ. ಹಳೆಯ ಬಿರುಕಿನ ಉಬ್ಬಿದ ಅಂಚುಗಳನ್ನು ಕೊಯ್ದು ಮಟ್ಟ ಮಾಡದಿದ್ದರೆ ಕವಚ ಅಲುಗಾಡುತ್ತದೆ. ಏರ್‌ಬ್ಯಾಗ್ ಮುಚ್ಚಳದ ಜಾಗ ಪೂರ್ತಿ ತೆರೆದಿರದ ಕವಚವನ್ನು ಯಾವ ಕಾರಣಕ್ಕೂ ಬಳಸಬಾರದು. ಒಮ್ಮೆ ಅಂಟಿಸಿದರೆ ಅದನ್ನು ತೆಗೆಯುವಾಗ ಮೂಲ ಹೊದಿಕೆ ಕಿತ್ತು ಬರುತ್ತದೆ, ಆದ್ದರಿಂದ ಕಾರನ್ನು ಮೂಲ ಸ್ಥಿತಿಗೆ ತರುವ ಉದ್ದೇಶ ಇರುವವರಿಗೆ ಇದು ಹಿಂದಿರುಗಲಾಗದ ಹೆಜ್ಜೆ.

ಎರಡನೆಯದು ಡ್ಯಾಶ್‌ಬೋರ್ಡ್ ಇಳಿಸಿ ಹಳೆಯ ಹೊದಿಕೆ, ಫೋಮ್ ಕಿತ್ತು ಹೊಸದಾಗಿ ಹೊದಿಸುವುದು. ತಗ್ಗು ದಿಣ್ಣೆಗಳಿರುವ ಆಕಾರಕ್ಕೆ ವಿನೈಲನ್ನು ಸುಕ್ಕಿಲ್ಲದೆ ಎಳೆಯುವುದು ನುರಿತ ಕೈಗಷ್ಟೇ ಸಾಧ್ಯ. ಸೀಟು ಹೊದಿಸಲು ಬಳಸುವ ಅಂಟು ಡ್ಯಾಶ್‌ಬೋರ್ಡ್‌ನ ಶಾಖಕ್ಕೆ ಸಡಿಲಾಗುವುದರಿಂದ, ಹೆಚ್ಚು ಶಾಖ ತಡೆಯುವ ಅಂಟನ್ನೇ ಬಳಸುತ್ತಾರೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಏರ್‌ಬ್ಯಾಗ್ ಡ್ಯಾಶ್‌ಬೋರ್ಡಿನೊಳಗೇ ಅಡಗಿರುವ ಕಾರುಗಳಿಗೆ ಈ ದಾರಿ ಬೇಡ.

ಮೂರನೆಯದು ಬದಲಿಸುವುದು. ಗುಜರಿಯಿಂದ ತರುವುದಾದರೆ ಅದೂ ನಿಮ್ಮದರಷ್ಟೇ ಹಳೆಯದು ಎಂಬುದು ನೆನಪಿರಲಿ: ಗಾಜಿನ ಬುಡದ ಅಂಚು ಮತ್ತು ವೆಂಟ್ ಮೂಲೆಗಳನ್ನು ಬೆಳಕಿಗೆ ಹಿಡಿದು ನೋಡಿ, ಕಿವಿಗಳನ್ನು ಎಣಿಸಿ. ಸ್ಟಿಯರಿಂಗ್ ಯಾವ ಬದಿ, ಏರ್‌ಬ್ಯಾಗ್ ಉಂಟೋ ಇಲ್ಲವೋ, ಎಸಿ ನಿಯಂತ್ರಣ ತಿರುಗಿಸುವ ಗುಬ್ಬಿಯದೋ ಒತ್ತುವ ಬಟನ್ನಿನದೋ ಎಂಬ ಮೂರೂ ಹೊಂದಬೇಕು. ಚಾಸಿಸ್ ಸಂಖ್ಯೆಯ ಫಲಕ ಹಳೆಯ ಡ್ಯಾಶ್‌ಬೋರ್ಡಿಗೆ ಅಂಟಿಕೊಂಡಿದ್ದರೆ ಅದನ್ನು ನೀವಾಗಿ ಕಿತ್ತು ಜೋಡಿಸಬೇಡಿ, ಬಹಳ ಕಡೆ ಅದು ಅಪರಾಧ.

ಬಿಚ್ಚುವಾಗ ಪ್ರತಿ ಹಂತದ ಫೋಟೋ ತೆಗೆದು, ಸ್ಕ್ರೂಗಳನ್ನು ಭಾಗವಾರು ಬೇರೆ ಬೇರೆ ಪೊಟ್ಟಣಗಳಲ್ಲಿ ಬರೆದಿಡಿ, ಕನೆಕ್ಟರುಗಳಿಗೆ ಟೇಪ್ ಗುರುತು ಹಾಕಿ. ಎಳೆದರೆ ಬರದ ತುಂಡಿನ ಹಿಂದೆ ಇನ್ನೊಂದು ಸ್ಕ್ರೂ ಅಡಗಿದೆ ಎಂದೇ ತಿಳಿಯಬೇಕು; ಅದು ಮಧ್ಯದ ವೆಂಟಿನೊಳಗೋ ಮೀಟರ್ ಹಿಂದೆಯೋ ಗಾಜಿನ ಬುಡದ ಸಣ್ಣ ಮುಚ್ಚಳದ ಕೆಳಗೋ ಇರುತ್ತದೆ. ಕಳಚಿದ ಏರ್‌ಬ್ಯಾಗನ್ನು ಮುಚ್ಚಳದ ಭಾಗ ಮೇಲೆ ಬರುವಂತೆ, ಶಾಖದಿಂದ ದೂರ ಇಡಿ. ಎಸಿ ಗ್ಯಾಸ್ ಕೊಳವೆ ಬಿಚ್ಚಬೇಕಾದ ಪ್ರಸಂಗ ಬಂದರೆ ಅಲ್ಲಿಗೆ ಕೈಬಿಟ್ಟು, ಗ್ಯಾಸನ್ನು ಯಂತ್ರದಿಂದ ಹೊರತೆಗೆಯಬಲ್ಲವರನ್ನು ಕರೆಯಿರಿ. ಜೋಡಿಸುವಾಗ ಎಲ್ಲ ಸ್ಕ್ರೂಗಳನ್ನು ಮೊದಲು ಸಡಿಲವಾಗಿ ಕೂರಿಸಿ, ಡ್ಯಾಶ್‌ಬೋರ್ಡ್ ತಾನಾಗಿ ನೇರಕ್ಕೆ ನಿಂತ ಮೇಲೆ ಮಧ್ಯದಿಂದ ಆರಂಭಿಸಿ ಎರಡೂ ತುದಿಗೆ ಹದವಾಗಿ ಬಿಗಿಯಿರಿ. ಬ್ಯಾಟರಿ ಕೇಬಲ್ ಹಾಕಿದ ಮೇಲೆ, ಕಾರಿನೊಳಗೆ ಯಾರೂ ಕುಳಿತಿರದಂತೆ ನೋಡಿಕೊಂಡು, ಬಾಗಿಲ ಬಳಿ ನಿಂತು ಕೈಚಾಚಿ ಇಗ್ನಿಷನ್ ಆನ್ ಮಾಡಿ. ಏರ್‌ಬ್ಯಾಗ್ ದೀಪ ಹತ್ತಿ ಆರಿದ ನಂತರ ಹೆಡ್‌ಲೈಟ್, ವೈಪರ್, ಹಾರ್ನ್, ಡಿಫ್ರಾಸ್ಟರ್ ಗಾಳಿಗಳನ್ನು ಪರೀಕ್ಷಿಸಿ, ಆಮೇಲಷ್ಟೇ ಕಾರನ್ನು ರಸ್ತೆಗೆ ಇಳಿಸಬೇಕು.